ಪ್ರಣಮ್ಯಾಳ ಹುಬ್ಬು

ಪ್ರಣಮ್ಯಾ ನಗುವುದನ್ನು ಕಲಿತದ್ದು ಹೋಟೆಲಿನಲ್ಲಿ. ಖುಷಿಯಾದಾಗ ಎಲ್ಲ ಮಕ್ಕಳೂ ನಗುತ್ತಾರೆ, ಅದು ಬೇರೆ. ನಾನು ಹೇಳುವುದು ಎದುರಿಗಿದ್ದವರಿಗೆ ಬೇಕು ಎಂದು ನಗುವ ನಗು.

ಅವಳ ಅಪ್ಪ ಮೋನಪ್ಪ ಪುತ್ತೂರಿನ ಕಡೆಯವ. ಮೀಸೆ ಮೂಡುವ ಮೊದಲೇ ಮದ್ರಾಸಿಗೆ ಬಂದು, ಪುರಸೈವಾಕ್ಕಂನಲ್ಲಿ ನಮ್ಮ ಊರಿನವರ ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ. ಈಗ ಅಲ್ಲಿಯೇ ಸಪ್ಲೈಯರ್. ಗಿರಾಕಿಗಳು ಬಂದವರೇ ಅವನು ನೋಡಿಕೊಳ್ಳುವ ಮೇಜು ಖಾಲಿಯಿದೆಯೇ ಎಂದು ನೋಡುತ್ತಾರೆ. ಅವನ ಹೆಂಡತಿ ಸರಸ ನನ್ನ ಅಕ್ಕನ ಮಗಳು. ನನ್ನವರು ತೀರಿಕೊಂಡ ಮೇಲೆ ನಾನು ಇವರ ಜೊತೆಗೇ ಇದ್ದೇನೆ. ಪ್ರಣಮ್ಯಾ ಇವರ ಒಬ್ಬಳೇ ಮಗಳು.

ಆ ಹೋಟೆಲಿನ ಹಳೆಯ ಧಣಿಗಳು ಒಂದು ಕ್ರಮ ಇಟ್ಟಿದ್ದರು. ಸಪ್ಲೈಯರನ ಬಾಯಿಯಲ್ಲಿ 'ಇಲ್ಲ' ಎಂಬ ಮಾತು ಬರಬಾರದು. ವಡೆ ಮುಗಿದಿದ್ದರೆ ಮುಗಿದಿದೆ ಎನ್ನಬಾರದು, "ಬಿಸಿಬಿಸಿ ಹಾಕ್ತಾ ಇದ್ದಾರೆ ಸಾರ್, ಅಷ್ಟರೊಳಗೆ ಬೋಂಡಾ ಕೊಡಲಾ?" ಎನ್ನಬೇಕು. ದೋಸೆ ತಡವಾದರೆ "ಇದೋ ಬಂತು." ಗಿರಾಕಿ ಬೈದರೆ ಒಂದು ನಗು, ಹೊಗಳಿದರೆ ಅದೇ ಅಳತೆಯ ಇನ್ನೊಂದು ನಗು. ಮೇಜಿನ ಹತ್ತಿರ ಮುಖ ಇಳಿಸಿದವನನ್ನು ಧಣಿಗಳು ಮರುದಿನ ಪಾತ್ರೆ ತಿಕ್ಕಲು ಹಾಕುತ್ತಿದ್ದರಂತೆ. ಆ ಧಣಿಗಳು ಹೋದರು, ಅವರ ಮಗ ಬಂದ, ಮೇಜುಗಳು ಬದಲಾದವು. ಮೋನಪ್ಪನೊಳಗೆ ಮಾತ್ರ ಆ ಕ್ರಮ ಹಾಗೆಯೇ ಕೂತಿದೆ. ಮನೆಯಲ್ಲಿ ಗ್ಯಾಸು ಮುಗಿದರೂ "ಬರ್ತಾ ಉಂಟು" ಎನ್ನುತ್ತಾನೆ.

"ನಿಮ್ಮನ್ನು ಚಟ್ಟದಲ್ಲಿ ಮಲಗಿಸಿದ್ರೂ 'ಇದೋ ಬಂದೆ ಸಾರ್' ಅಂತ ಎದ್ದು ಕೂತ್ಕೊಳ್ತೀರಿ ನೀವು" ಎಂದು ಸರಸ ಹಂಗಿಸುತ್ತಾಳೆ.

ಪ್ರಣಮ್ಯಾ ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ಹೋಟೆಲಿಗೇ ಹೋಗುತ್ತಿದ್ದಳು. ಕೈ ತೊಳೆಯುವ ಜಾಗದ ಪಕ್ಕದಲ್ಲಿ ಯಾರೂ ಕೂರಲು ಇಷ್ಟಪಡದ ಒಂದು ಮೇಜಿತ್ತು. ಅಲ್ಲಿ ಕೂತು ಬರೆಯುತ್ತಿದ್ದಳು. ಬರೆಯುತ್ತಾ ಬರೆಯುತ್ತಾ ಅಪ್ಪನನ್ನು ನೋಡುತ್ತಿದ್ದಳು. ಮನೆಗೆ ಬಂದು ನನ್ನ ಮುಂದೆ ಅದೇ ಆಟ. ಹೆಗಲ ಮೇಲೆ ಒಂದು ಬಟ್ಟೆ ಹಾಕಿಕೊಂಡು ಸ್ವಲ್ಪ ಬಗ್ಗಿ, "ಎನ್ನ ಸಾಪ್ಡರೀಂಗ ಅಜ್ಜಿ? ಏನು ತಿಂತೀರಿ?" ಎಂದು ಎರಡು ಭಾಷೆಯಲ್ಲೂ ಕೇಳುತ್ತಿದ್ದಳು. ನಾನು ಬೇಕೆಂದೇ ಇಲ್ಲದ್ದನ್ನು ಕೇಳುತ್ತಿದ್ದೆ. "ಪತ್ರೊಡೆ ಉಂಟಾ?" "ಎಲೆ ಕೊಯ್ಯಲಿಕ್ಕೆ ಹೋಗಿದ್ದಾರೆ ಅಮ್ಮಾ, ಅಷ್ಟರೊಳಗೆ ಒಂದು ಕಾಫಿ?" ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಅವಳ ಶಾಲೆ ನಮ್ಮ ಹಿಂದಿನ ಬೀದಿಯಲ್ಲಿದೆ. ಏಳನೆಯ ತರಗತಿಯವರೆಗೆ ಅವಳು ಬಿ ಸೆಕ್ಷನಿನಲ್ಲಿದ್ದಳು. ಜೊತೆಗೆ ಪಾವನಾ ಎಂಬ ಹುಡುಗಿ. ಮೈಸೂರಿನ ಕಡೆಯವರು, ಅವಳ ಅಪ್ಪ ಜಯರಾಮ ಶೋಳಿಂಗನಲ್ಲೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಟೀಚರ ಸೀರೆ, ಹಿಂದಿನ ಬೆಂಚಿನವಳ ಗೊರಕೆ, ಎಲ್ಲವನ್ನೂ ಕನ್ನಡದಲ್ಲಿ ಆಡಿಕೊಂಡು, ಯಾರಿಗೂ ತಿಳಿಯಲಿಲ್ಲವೆಂದು ಡೆಸ್ಕಿನ ಕೆಳಗೆ ತಲೆ ಹಾಕಿ ನಗುತ್ತಿದ್ದರು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಪಾವನಾಳ ಜೊತೆ ಕನ್ನಡ ಮಾತ್ರ ಆಡುತ್ತಿದ್ದಳು. ಅದು ಅವರ ಗುಟ್ಟಿನ ಭಾಷೆ.

ಎಂಟನೆಯ ತರಗತಿಗೆ ಬಂದಾಗ ಶಾಲೆಯಲ್ಲಿ ಎರಡು ಹೊಸ ಏರ್ಪಾಡು ಒಟ್ಟಿಗೇ ಬಂದವು. ಒಂದು, ಸ್ಟಾರ್ ಸೆಕ್ಷನ್. ಜಾಣ ಮಕ್ಕಳನ್ನು ಆರಿಸಿ ಬೇರೆ ಕೂರಿಸಿ, ಇಂಜಿನಿಯರ್ ಡಾಕ್ಟರ್ ಪರೀಕ್ಷೆಗೆ ಈಗಿನಿಂದಲೇ ಅರೆಯುವುದು. ಬೆಳಕು ಹರಿಯುವ ಹೊತ್ತಿಗೆ ಶಾಲೆಯಲ್ಲಿರಬೇಕು, ದೀಪ ಹಚ್ಚುವ ಹೊತ್ತಿಗೆ ಮನೆ. ಎರಡನೆಯದು, ಹ್ಯಾಪಿನೆಸ್ ಪೀರಿಯಡ್. ಮಕ್ಕಳಿಗೆ ಒತ್ತಡ ಜಾಸ್ತಿಯಾಗುತ್ತದೆ ಎಂದು ಯಾರೋ ಹೇಳಿದ್ದರಂತೆ, ಅದಕ್ಕೆ ಇದು ಮದ್ದು. ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಬೇಕು, ನಿನ್ನೆ ನಡೆದ ಒಂದು ಒಳ್ಳೆಯ ಸಂಗತಿ ಹೇಳಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಹೇಳಲಾಗದೆ ಅತ್ತ ಒಬ್ಬ ಹುಡುಗಿಗೆ, ಹೋಗಿ ನೀರು ಕುಡಿದು ನಗುತ್ತಾ ಬಾ ಎಂದರಂತೆ.

ಗಾಯವನ್ನೂ ಮುಲಾಮನ್ನೂ ಒಂದೇ ಅಂಗಡಿಯವರು ಮಾರಿದ ಹಾಗೆ ನನಗೆ ಕಂಡಿತು. ಆದರೆ ನನ್ನನ್ನು ಯಾರು ಕೇಳುತ್ತಾರೆ?

ಪ್ರಣಮ್ಯಾ ಎರಡಕ್ಕೂ ಆಯ್ಕೆಯಾದಳು. ಅಂಕ ಇತ್ತು, ಅದಕ್ಕೆ ಸ್ಟಾರ್ ಸೆಕ್ಷನ್. ಮುಖದಲ್ಲಿ ನಗು ಇತ್ತು, ಅದಕ್ಕೆ ಹ್ಯಾಪಿ ಲೀಡರ್. ಎದೆಯ ಮೇಲೆ ಹಳದಿ ಬಿಲ್ಲೆ ಚುಚ್ಚಿಕೊಂಡು ಗೇಟಿನಲ್ಲಿ ನಿಂತು, ಬರುವ ಮಕ್ಕಳಿಗೆಲ್ಲ ಗುಡ್ ಮಾರ್ನಿಂಗ್ ಹೇಳಬೇಕು. ಮೋನಪ್ಪ ಆ ಬಿಲ್ಲೆಯ ಫೋಟೋ ತೆಗೆದು ಹೋಟೆಲಿನ ದೋಸೆ ಮಾಸ್ಟರಿಗೂ ತೋರಿಸಿದ.

"ನನ್ನ ಮಗಳು ನೋಡಿ. ನಾನು ಇಲ್ಲಿ ಸ್ವಾಗತ ಮಾಡುದು, ಅವಳು ಅಲ್ಲಿ."

ಮೊದಲು ಹೊಟ್ಟೆನೋವು ಶುರುವಾಯಿತು. ಸೋಮವಾರ ತಪ್ಪದೆ ಬರುತ್ತಿತ್ತು, ಭಾನುವಾರ ಇರುತ್ತಿರಲಿಲ್ಲ. ಸರಸ ಓಮದ ನೀರು ಕೊಟ್ಟಳು. ಆಮೇಲೆ ಊಟ ಕಡಿಮೆಯಾಯಿತು. ಕೇಳಿದರೆ "ಸೂಪರಾ ಇರುಕ್ಕು ಅಜ್ಜಿ" ಎಂದು ತಟ್ಟೆಯನ್ನು ಆಚೆ ಸರಿಸುತ್ತಿದ್ದಳು. ಸೂಪರಾಗಿರುವುದನ್ನು ಯಾರು ಬಿಟ್ಟು ಏಳುತ್ತಾರೆ?

ಒಂದು ಶನಿವಾರ ರಜೆ ಇತ್ತು. ಅವಳಿಗೆ ಎಣ್ಣೆ ಹಚ್ಚಿ ಮೀಯಿಸಲು ನಾನು ಕೂರಿಸಿಕೊಂಡೆ. ನೆತ್ತಿಗೆ ತಟ್ಟಿ, ಕಿವಿಯ ಹಿಂದೆ ಹಚ್ಚಿ, ಹಣೆಯಿಂದ ಕೆನ್ನೆಗೆ ಕೈ ಎಳೆದೆ. ಅಂಗೈ ಕಪ್ಪಾಯಿತು. ನೋಡಿದರೆ ಅವಳ ಎಡಗಣ್ಣಿನ ಮೇಲೆ ಹುಬ್ಬೇ ಇಲ್ಲ. ಬಲದ್ದು ಅರ್ಧ ಇತ್ತು. ಚರ್ಮ ನುಣ್ಣಗಾಗಿ, ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ. ಇಷ್ಟು ದಿನ ನಾವು ನೋಡುತ್ತಿದ್ದದ್ದು ಕಾಡಿಗೆ ಪೆನ್ಸಿಲಿನಲ್ಲಿ ಬರೆದ ಹುಬ್ಬು.

"ಇದೆಂತ ಮಗಾ?"

"ಒಣ್ಣುಮಿಲ್ಲೆ ಅಜ್ಜಿ."

"ಏನೂ ಇಲ್ಲ ಅಂದ್ರೆ ಹುಬ್ಬು ಎಲ್ಲಿಗೆ ಹೋಯ್ತು? ಕಾಗೆ ಕಚ್ಚಿಕೊಂಡು ಹೋಯ್ತಾ?"

ಅವಳು ನಕ್ಕಳು. ನಾನು ನಗಲಿಲ್ಲ. ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಆಗ ಅವಳೇ ಕನ್ನಡದಲ್ಲಿ ಹೇಳಿದಳು.

"ನಾನೇ ಕೀಳ್ತೇನೆ. ಲೆಕ್ಕ ಮಾಡುವಾಗ ಕೈ ತನ್ನಷ್ಟಕ್ಕೆ ಹೋಗ್ತದೆ."

"ನೋವಾಗುದಿಲ್ವಾ?"

"ಆಗ್ತದೆ. ಕಿತ್ತ ಕೂಡ್ಲೇ ಒಂದ್ಸಲ ಹಾಯಾಗ್ತದೆ. ಆಮೇಲೆ ಮತ್ತೆ ಕೀಳ್ಬೇಕು ಅನಿಸ್ತದೆ."

"ಯಾರಿಗಾದ್ರೂ ಹೇಳಿದ್ದಿಯಾ?"

"ಹ್ಯಾಪಿ ಲೀಡರ್ ಆಗಿ ಹೇಗೆ ಹೇಳುದು ಅಜ್ಜಿ?" ಎಂದಳು. ಮೊಣಕಾಲಿನ ಮೇಲೆ ಗದ್ದ ಊರಿ, "ನನಗೆ ಬಿ ಸೆಕ್ಷನಿಗೆ ವಾಪಸ್ ಹೋಗ್ಬೇಕು. ಪಾವನಾ ನನ್ನ ಜಾಗ ಹಿಡಿದಿಟ್ಟಿದ್ದಾಳೆ. ಬ್ಯಾಗು ಇಟ್ಟು ಯಾರನ್ನೂ ಕೂರ್ಲಿಕ್ಕೆ ಬಿಡುದಿಲ್ಲ. ಅಷ್ಟೇ ಸಾಕು ನನಗೆ, ಬೇರೆ ಎಂತದ್ದೂ ಬೇಡ" ಎಂದಳು.

ಸರಸ ಮೊದಲು ದೃಷ್ಟಿ ಎಂದಳು. ಆ ಬಿಲ್ಲೆಯ ಮೇಲೆ ಎಷ್ಟು ಜನರ ಕಣ್ಣೋ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು, ಹುಬ್ಬಿಗೆ ಹರಳೆಣ್ಣೆ ಹಚ್ಚಿದಳು. ಆಮೇಲೆ ಚರ್ಮದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಇದು ಚರ್ಮದ ರೋಗವಲ್ಲ, ಮನಸ್ಸಿನ ಬೇಗೆ, ಯಾರಿಗೂ ಅಂಟುವುದಿಲ್ಲ ಎಂದರು. ಮನಸ್ಸಿನ ಡಾಕ್ಟರ ಹೆಸರು ಹೇಳಿದರು. ಅದಕ್ಕೂ ಮೊದಲು ಮಗುವಿನ ಮೇಲಿನ ಹೊರೆ ಇಳಿಸಿ, ಆ ವಿಶೇಷ ಕ್ಲಾಸು ಬಿಡಿಸಿ, ಕೂದಲು ತಾನಾಗಿ ಬರುತ್ತದೆ ಎಂದರು.

ಮೋನಪ್ಪ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಅವನ ಕಣ್ಣು ತುಂಬಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ಅವನು ಕೆಟ್ಟವನಲ್ಲ.

"ನಾನು ಹೋಗಿ ಹೇಳ್ತೇನೆ ಮಗಾ. ಪ್ರಿನ್ಸಿಪಾಲ್ ಮೇಡಂ ನಮ್ಮ ಹೋಟೆಲಿಗೆ ಬರುವವ್ರೇ. ನನ್ನ ಮೇಜಿಗೇ ಕೂರುದು. ರವೆ ದೋಸೆ, ಕಾಫಿಗೆ ಸಕ್ಕರೆ ಕಡಿಮೆ. ನಾನು ಹೇಳಿದ್ರೆ ಕೇಳ್ತಾರೆ."

ಹೋಗುವ ದಿನ ಬೆಳಿಗ್ಗೆ ಮನೆಯಲ್ಲಿ ಅಭ್ಯಾಸ ನಡೆಯಿತು. ಸರಸ ಮೇಡಂ ಆಗಿ ಕುರ್ಚಿಯಲ್ಲಿ ಕೂತಳು. ಮೋನಪ್ಪ ಎದುರು ನಿಂತ.

"ನಮಸ್ಕಾರ ಮೇಡಂ. ಚೆನ್ನಾಗಿದ್ದೀರಾ? ನಿಮ್ಮ ಯಜಮಾನ್ರು ಹೇಗಿದ್ದಾರೆ?"

"ಅವರು ಹೇಗಾದ್ರೂ ಇರ್ಲಿ ಮಾರಾಯ್ರೇ, ವಿಷಯಕ್ಕೆ ಬನ್ನಿ."

"ನಮ್ಮ ಮಗಳಿಗೆ ಸ್ಟಾರ್ ಸೆಕ್ಷನ್ ಕೊಟ್ಟದ್ದು ನಮ್ಮ ಪುಣ್ಯ ಮೇಡಂ..."

"ಅಪ್ಪಾ!" ಎಂದು ಪ್ರಣಮ್ಯಾ ಹಣೆ ಬಡಿದುಕೊಂಡಳು. "'ಬೇಡ' ಅಂತ ಮೊದ್ಲು ಹೇಳು ಪಾ. ಮೊದ್ಲು ಬೇಡ, ಆಮೇಲೆ ನಮಸ್ಕಾರ."

ಮತ್ತೆ ಮತ್ತೆ ಹೇಳಿಸಿದಳು. "ಸ್ಟಾರ್ ಸೆಕ್ಷನ್ ಬೇಡ ಮೇಡಂ, ಬಿ ಸೆಕ್ಷನಿಗೆ ಹಾಕಿ." ಕೊನೆಗೆ ಅವನ ಬಾಯಿಯಲ್ಲಿ ಅದು ಸರಿಯಾಗಿ ಕೂತಿತು. ಆ ದಿನ ಅವಳು ದೋಸೆಯನ್ನು ಕೇಳಿ ಹಾಕಿಸಿಕೊಂಡು ತಿಂದಳು. ಮನೆಯಿಂದ ಹೊರಡುವಾಗ ಅವಳೇ ಮುಂದೆ.

ಅಲ್ಲಿ ನಡೆದದ್ದನ್ನು ಸರಸ ಹೇಳಿದಂತೆ ಬರೆಯುತ್ತೇನೆ. ಮೇಡಂ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಗಾಜಿನ ಮೇಜು. ಸರಸ, ಪ್ರಣಮ್ಯಾ ಕೂತರು. ಮೋನಪ್ಪ ಕೂರಲಿಲ್ಲ. ಮೇಜಿನ ಬಲಗಡೆಗೆ ಹೋಗಿ, ಸ್ವಲ್ಪ ಬಗ್ಗಿ, ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿ ನಿಂತ. ಮೇಡಂ ತಮಿಳಿನಲ್ಲಿ, "ಏನು ಮೋನಪ್ಪಾ, ಇಲ್ಲಿ ನಾನು ಆರ್ಡರ್ ಕೊಡಬೇಕಾ?" ಎಂದು ನಕ್ಕರು. ಅವನೂ ನಕ್ಕ. ಕೆಲಸ ಕೆಟ್ಟಿತೆಂದು ಸರಸಳಿಗೆ ಆಗಲೇ ತಿಳಿಯಿತಂತೆ. ಆ ನಗು ಅವಳಿಗೆ ಗೊತ್ತು.

"ಏನಾದರೂ ತೊಂದರೆಯಾ?"

"ತೊಂದರೆ ಏನೂ ಇಲ್ಲ ಮೇಡಂ."

ಸರಸ ಅವನ ಅಂಗಿ ಜಗ್ಗಿದಳು.

"ಅಂದರೆ, ಮಗಳಿಗೆ ಸ್ವಲ್ಪ ಕಷ್ಟ ಆಗ್ತದೆ ಅಂತ..."

"ಮೊದಲು ಎಲ್ಲರಿಗೂ ಹಾಗೇ. ಇವಳು ನಮ್ಮ ಹ್ಯಾಪಿ ಲೀಡರ್ ಅಲ್ಲವಾ! ಹೊಸ ಅಡ್ಮಿಶನ್ನಿಗೆ ದೊಡ್ಡ ಬ್ಯಾನರ್ ಹಾಕಿಸುತ್ತಿದ್ದೇವೆ. ಇವಳದೇ ಫೋಟೋ. ವಾರ್ಷಿಕೋತ್ಸವದಲ್ಲಿ ಸಂತೋಷದ ಬಗ್ಗೆ ಇವಳೇ ಮಾತಾಡಬೇಕು. ಆಗುತ್ತದಲ್ಲ?"

"ಆಗ್ತದೆ ಮೇಡಂ."

ಸರಸಳಿಗೆ ತಮಿಳು ಕೊತ್ತಂಬರಿ ಸೊಪ್ಪಿನ ಚೌಕಾಸಿಗೆ ಸಾಕಾಗುವಷ್ಟು. ಆದರೂ ತನ್ನ ಹುಬ್ಬನ್ನು ಮುಟ್ಟಿ ತೋರಿಸಿ, ಮಗಳನ್ನು ತೋರಿಸಿ, ಏನೋ ಹೇಳಹೊರಟಳು. ಈ ವಯಸ್ಸಿನ ಹುಡುಗಿಯರಿಗೆ ಬ್ಯೂಟಿ ಪಾರ್ಲರ್ ಹುಚ್ಚು, ಮನೆಯಲ್ಲಿ ಸ್ವಲ್ಪ ಗಮನ ಕೊಡಿ ಎಂದರು ಮೇಡಂ. ಮೋನಪ್ಪ "ಸರಿ ಮೇಡಂ" ಎಂದ. ಪ್ರಣಮ್ಯಾ ಅಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದಳಂತೆ. ಒಮ್ಮೆಯೂ ಮೇಡಂ ಕಡೆ ತಿರುಗಲಿಲ್ಲವಂತೆ.

ಗೇಟು ದಾಟಿದ ಮೇಲೆ ಅವನು, "ಮುಂದಿನ ಸಲ ಖಂಡಿತ ಹೇಳ್ತೇನೆ. ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ಲಿಕ್ಕಾಗ್ತದಾ?" ಎಂದ.

"ಬಂದವರು ನಾವು ಮಾರಾಯ್ರೇ" ಎಂದಳು ಸರಸ. "ಅವರು ಕೂತಲ್ಲೇ ಇದ್ದವರು."

ಮುಂದಿನ ಸಲ ಬರಲಿಲ್ಲ. ಹೋಟೆಲಿಗೆ ಮೇಡಂ ಬಂದರು, ರವೆ ದೋಸೆ ತಿಂದರು, ಕಾಫಿ ಕುಡಿದರು. ಊಟದ ಮುಂದೆ ಕೂತವರ ಹತ್ತಿರ ಅಂಥ ಮಾತು ತೆಗೆಯುವುದು ಕ್ರಮವಲ್ಲ ಎಂದ ಮೋನಪ್ಪ. ಸರಸ ತಾನೇ ಹೋಗುತ್ತೇನೆಂದು ಹೊರಟಾಗ, "ನಾನೇ ಹೇಳ್ತೇನೆ ಅಂದೆನಲ್ಲ, ಎಲ್ಲ ಸರಿ ಆಗ್ತದೆ" ಎಂದು ತಡೆದ. ಮನಸ್ಸಿನ ಡಾಕ್ಟರ ಮಾತು ಎತ್ತಿದರೆ, "ಪರೀಕ್ಷೆ ಮುಗೀಲಿ." ಅವನ ಆ 'ಸರಿ ಆಗ್ತದೆ' ಸುಳ್ಳೆಂದು ನಾನು ಹೇಳಲಾರೆ. ಅವನು ನಂಬಿಯೇ ಹೇಳುತ್ತಾನೆ. ಕೇಳಿದವರಿಗೂ ಅದರಿಂದ ಅರ್ಧ ಹೊಟ್ಟೆ ತುಂಬುತ್ತದೆ. ಆದರೆ ಅಡುಗೆ ಮಾತ್ರ ಬೇಯುವುದಿಲ್ಲ.

ಪ್ರಣಮ್ಯಾ ಅಪ್ಪನನ್ನು ಮತ್ತೆ ಕೇಳಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ತಾನೇ ಹೋಗಿ ಮೇಡಂ ಬಾಗಿಲಲ್ಲಿ ನಿಂತಳು. ತೊಂದರೆ ಏನೂ ಇಲ್ಲ ಎಂದು ನಿನ್ನ ತಂದೆಯೇ ಹೇಳಿ ಹೋಗಿದ್ದಾರಲ್ಲ ಎಂದು ಅವರು ಕಳಿಸಿದರು. ಪಾವನಾ ಬಹಳ ಕಾಲ ಜಾಗ ಕಾದಳು. ಒಂದು ದಿನ ಬ್ಯಾಗು ತೆಗೆದಳು. ಅಲ್ಲಿ ಬೇರೆ ಹುಡುಗಿ ಕೂತಳು. ಅದಕ್ಕೆ ನಾನು ಪಾವನಾಳನ್ನು ದೂರುವುದಿಲ್ಲ. ಅವಳೂ ಮಗುವೇ, ಪಕ್ಕದಲ್ಲಿ ಯಾರಾದರೂ ಬೇಕಲ್ಲ. ಬರುತ್ತೇನೆ ಎಂದವಳು ಬರಲಿಲ್ಲ, ಅಷ್ಟೇ ಅವಳಿಗೆ ಗೊತ್ತು.

ಬಲಗಡೆಯ ಅರ್ಧ ಹುಬ್ಬೂ ಹೋಯಿತು. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಕನ್ನಡಿಯ ಮುಂದೆ ನಿಂತು ಬರೆದುಕೊಳ್ಳುತ್ತಿದ್ದಳು. ಕೈ ಎಷ್ಟು ಪಳಗಿತ್ತೆಂದರೆ ಎರಡೂ ಕಡೆ ಒಂದೇ ಸಮ. ಸರಸ ಒಲೆಯ ಹತ್ತಿರದಿಂದ ನೋಡುತ್ತಿದ್ದಳು. ಪೆನ್ಸಿಲು ಕಸಿದುಕೊಂಡರೆ ಹುಡುಗಿ ಬೋಳು ಹುಬ್ಬಿನಲ್ಲಿ ಗೇಟಿನಲ್ಲಿ ನಿಲ್ಲಬೇಕು, ಕೊಟ್ಟರೆ ಇದು ಹೀಗೆಯೇ ನಡೆಯುತ್ತದೆ. ಕೊನೆಗೆ ಸರಸಳೇ ಹೊಸ ಪೆನ್ಸಿಲು ತಂದುಕೊಟ್ಟಳು.

ಬ್ಯಾನರಿನ ಫೋಟೋ ತೆಗೆಯುವ ದಿನ ಬಂತು. ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಶಾಲೆಯ ಹಾಲಿನಲ್ಲಿ ದೊಡ್ಡ ದೊಡ್ಡ ದೀಪ. ಗಾಳಿಗೆ ಕೂದಲು ಹಾರುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಸ್ಮೈಲ್, ಇನ್ನೂ ಸ್ಮೈಲ್, ಹಲ್ಲು ಕಾಣಲಿ ಎಂದು ಫೋಟೋದವನು ಹೇಳುತ್ತಲೇ ಇದ್ದ. ಹುಡುಗಿ ನಿಂತಲ್ಲೇ ನೀರಾದಳು. ಅವನೇ ಬಂದು ಕಾಗದದಲ್ಲಿ ಹಣೆಯ ಬೆವರು ಒರೆಸಿದ. ಕಾಗದದ ಜೊತೆ ಒಂದು ಹುಬ್ಬು ಹೋಯಿತು. ಇನ್ನೊಂದು ಕೆನ್ನೆಗೆ ಇಳಿಯಿತು. ಮಕ್ಕಳು ಕೆಲವರು ನಕ್ಕರು. ಶಾಲೆಯ ಕಮಿಟಿಯ ಒಬ್ಬ ಹೆಂಗಸು ಅಲ್ಲಿದ್ದರು. ತಮ್ಮ ಮಗಳನ್ನು ಹಿಂದಕ್ಕೆ ಎಳೆದುಕೊಂಡು, "ಇದೇನು ಕಾಯಿಲೆ? ಅಂಟುತ್ತದಾ?" ಎಂದು ಕೇಳಿದರಂತೆ.

ಪ್ರಣಮ್ಯಾ ಆಗಲೂ ನಗುತ್ತಲೇ ಇದ್ದಳಂತೆ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲವಲ್ಲ.

ಮರುದಿನ ಶಾಲೆಯಿಂದ ಕರೆ ಬಂತು. ಮೋನಪ್ಪ ಡ್ಯೂಟಿಯಲ್ಲಿದ್ದ. ಸರಸ, ನಾನು ಹೋದೆವು. ಪ್ರಣಮ್ಯಾಳನ್ನೂ ತರಗತಿಯಿಂದ ಕರೆಸಿದ್ದರು. ಮೇಡಂ ಈ ಸಲ ನಗಲಿಲ್ಲ, ಬೈಯಲೂ ಇಲ್ಲ. ತುಂಬ ಮೆತ್ತಗೆ ಮಾತಾಡಿದರು. ಇಷ್ಟೆಲ್ಲ ಇದ್ದರೂ ನೀವು ಶಾಲೆಗೆ ತಿಳಿಸಲಿಲ್ಲ, ಬೇರೆ ಪೋಷಕರು ಏನೆಂದುಕೊಳ್ಳುತ್ತಾರೆ ಎಂದರು. ಹ್ಯಾಪಿ ಲೀಡರ್ ಅಂದರೆ ಶಾಲೆಯ ಮುಖ, ಸ್ವಲ್ಪ ದಿನ ಬೇರೆಯವರು ಇರಲಿ ಎಂದರು. ಸ್ಟಾರ್ ಸೆಕ್ಷನಿನಿಂದಲೂ ತೆಗೆದು ಡಿ ಸೆಕ್ಷನಿಗೆ ಹಾಕುತ್ತೇವೆ, ಅಲ್ಲಿ ಒತ್ತಡ ಇಲ್ಲ ಎಂದರು. ಅದು ಫೇಲಾಗುವ ಮಕ್ಕಳನ್ನು ಕೂರಿಸುವ ಸೆಕ್ಷನ್ ಎಂದು ಇಡೀ ಶಾಲೆಗೆ ಗೊತ್ತು.

"ಬಿ ಸೆಕ್ಷನ್ ಮೇಡಂ" ಎಂದಳು ಪ್ರಣಮ್ಯಾ. ಅವಳ ದನಿ ನನಗೇ ಸರಿಯಾಗಿ ಕೇಳಲಿಲ್ಲ.

"ಬಿ ತುಂಬಿದೆ ಮ್ಮಾ."

ಡಾಕ್ಟರಮ್ಮ ಅಂಟುವುದಿಲ್ಲ ಎಂದದ್ದನ್ನು ನಾನು ನನಗೆ ಬಂದ ತಮಿಳಿನಲ್ಲಿ ಹೇಳಿದೆ. ಮೇಡಂ ತಲೆಯಾಡಿಸಿದರು. ಆಮೇಲೆ ಎದ್ದು ಬಂದು ಬಿಲ್ಲೆಯ ಪಿನ್ನನ್ನು ತಾವೇ ಬಿಚ್ಚಿದರು. ಅಂಗಿ ಹರಿಯಬಾರದೆಂದು ನಿಧಾನವಾಗಿ ಬಿಚ್ಚಿದರು. ಇಡೀ ವರ್ಷದಲ್ಲಿ ಆ ಶಾಲೆಯಲ್ಲಿ ಯಾರಾದರೂ ಆ ಹುಡುಗಿಯನ್ನು ಅಷ್ಟು ಜಾಗ್ರತೆಯಿಂದ ಮುಟ್ಟಿದ್ದಿದ್ದರೆ ಅದು ಆಗಲೇ.

ಮಧ್ಯಾಹ್ನದ ಊಟದ ಹೊತ್ತು ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಸಪ್ಲೈಯರರಿಗೆ ಬಿಡುವು. ಮೋನಪ್ಪ ಮನೆಗೆ ಬಂದ. ಸರಸ ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಕೂತ. ಆಮೇಲೆ ಅವನ ಮುಖ ಮೆಲ್ಲಗೆ ಬಿಡಿಸಿಕೊಂಡಿತು.

"ಹಾಗಾದ್ರೆ ಸ್ಟಾರ್ ಸೆಕ್ಷನ್ ತಪ್ಪಿತಲ್ಲ?" ಎಂದ. "ಡಾಕ್ಟರ್ ಹೇಳಿದ್ದೂ ಅದೇ ಅಲ್ವಾ? ನಾನು ಅವತ್ತು ಮೇಡಂ ಕಿವಿಗೆ ಹಾಕಿ ಬಂದದ್ದು ಈಗ ಕೆಲಸ ಮಾಡ್ತು ನೋಡಿ. ದೊಡ್ಡವರು ಕೂಡ್ಲೇ ಒಪ್ಪುದಿಲ್ಲ, ನಿಧಾನಕ್ಕೆ ಮಾಡ್ತಾರೆ. ಅಲ್ವಾ ಮಗಾ? ಅಪ್ಪ ಹೇಳಿದ್ದು ನಡೀತಲ್ಲ?"

ಸರಸ ಬಾಯಿ ತೆರೆದಳು. ಅಷ್ಟರಲ್ಲಿ ಪ್ರಣಮ್ಯಾ ಅವನ ಪಕ್ಕದಲ್ಲಿ ಬಂದು ಕೂತಳು. ಮುಖ ತೊಳೆದಿದ್ದಳು, ಹುಬ್ಬು ಬರೆದಿರಲಿಲ್ಲ. ಅವತ್ತು ಆ ಗಾಜಿನ ಮೇಜಿನ ಮುಂದೆ ಕೂತು ಅಪ್ಪನ ಒಂದೊಂದು ಮಾತನ್ನೂ ಕೇಳಿಸಿಕೊಂಡವಳು ಅವಳೇ.

"ಆಮಾ ಪಾ" ಎಂದಳು. "ಹೌದು, ನೀನು ಹೇಳಿದ್ದಕ್ಕೇ ಆಯ್ತು. ಥ್ಯಾಂಕ್ಸ್ ಪಾ."

ನಕ್ಕಳು ಕೂಡ. ಅವನು ಅವಳ ತಲೆ ಸವರಿದ. ಹಗುರಾದವನ ಹಾಗೆ ಎದ್ದು ಊಟ ಮಾಡಿದ. ಇನ್ನು ನೋಡು, ಕೂದಲು ಹೇಗೆ ಬರ್ತದೆ ಅಂತ, ಎಂದ. ಒಗೆದ ಅಂಗಿ ಹಾಕಿಕೊಂಡು, ಕೂದಲು ಬಾಚಿ ಹೊರಟು ಹೋದ.

ಅವನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿದ ಮೇಲೆ ಸರಸ ಮಗಳ ತೋಳು ಹಿಡಿದು ತಿರುಗಿಸಿದಳು.

"ಯಾಕೆ ಹಾಗೆ ಹೇಳಿದೆ ನೀನು? ಅಪ್ಪ ಒಂದು ಮಾತಾದ್ರೂ ಹೇಳಿದ್ರಾ ಅವತ್ತು? ನಿನ್ನ ಎದುರೇ ಅಲ್ವಾ?"

ಪ್ರಣಮ್ಯಾಳ ನಗು ಆಗಲೇ ಹೋಗಿತ್ತು. ಅವಳ ಕೈ ಮೇಲಕ್ಕೆ ಹೋಯಿತು, ಹುಬ್ಬಿನ ಜಾಗವನ್ನು ತಡವಿತು, ಹಿಡಿಯಲು ಏನೂ ಸಿಗದೆ ರೆಪ್ಪೆಯ ಹತ್ತಿರ ನಿಂತಿತು.

"ಮತ್ತೆಂತ ಹೇಳುದಮ್ಮಾ?" ಎಂದಳು. "ಅಪ್ಪನಿಗೆ ಸಂಜೆ ಡ್ಯೂಟಿ ಉಂಟಲ್ವಾ."